ಮೂರನೇ ಒರತೆಯ ಲೋಟ

ಅಪ್ಪಾ, ಸಾರಿ. ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಕಾಗುಣಿತ ನೋಡಿ ನಗಬೇಡ.

ಇವತ್ತು ಕಾಲೇಜಿನ ಫೀಲ್ಡ್ ಟ್ರಿಪ್‌ನಲ್ಲಿ ನೀನು ಸರ್ವೆ ಮಾಡಿದ ಬೆಟ್ಟ ಹತ್ತಿದೆವು. ಮ್ಯಾಪಿನಲ್ಲಿ ನೀನು ಗುರುತಿಸಿದ್ದ ಮೂರು ಒರತೆಗಳಲ್ಲಿ ಎರಡು ಬತ್ತಿವೆ. ಮೂರನೆಯದರ ದಾರಿಯಲ್ಲಿ, ನಮ್ಮ ಜೊತೆ ಬಂದಿದ್ದ ಫಾರೆಸ್ಟ್ ಗಾರ್ಡ್ ನಿಂತುಬಿಟ್ಟ.

"ಸರ್ವೆಯವ್ರು ಕಾಣೆಯಾದ್ಮೇಲೆ ಈ ಕಡೆ ಯಾರೂ ಬರಲ್ಲಮ್ಮ. ಆಗ ನಾವು ಹುಡುಕಿದ್ದೂ ಆಚೆ ಗುಡ್ಡದಲ್ಲಿ."

ಆಚೆ ಗುಡ್ಡ ಎಂದು ಅವರಿಗೆ ಹೇಳಿದ್ದು ನಾನೇ. ಯಾವ ಒರತೆಗೆ ಹೋಗುತ್ತೀಯೆಂದು ನೀನು ಹಾಸ್ಟೆಲಿಗೆ ಬರೆದ ಪತ್ರವನ್ನು ಅರ್ಧ ಓದಿ, ಎಕ್ಸಾಮ್ ಇದೆಯೆಂದು ಮಡಚಿಟ್ಟಿದ್ದೆ. ಮೂರನೆಯದಕ್ಕೆ ಎಂದಿದ್ದದ್ದು ಉಳಿದರ್ಧದಲ್ಲಿ.

ಗಾರ್ಡನ್ನು ದಾಟಿ ಒರತೆಯವರೆಗೆ ಹೋದೆ. ನೀರು ಕುಡಿದು ನೀನು ಕಲ್ಲಿನ ಮೇಲೆ ಬೋರಲು ಹಾಕುತ್ತಿದ್ದ ಸ್ಟೀಲ್ ಲೋಟ ಅಲ್ಲಿ ಹಾಗೆಯೇ ಬೋರಲಾಗಿತ್ತು. ಎತ್ತಿದೆ. ಒಳಗೆ ಒದ್ದೆಯಿತ್ತು.

"ಮಂಗನ ಕೆಲ್ಸ ಬಿಡಮ್ಮ," ಎಂದ ಹಿಂದೆಯೇ ಬಂದ ಗಾರ್ಡ್.

ಮಂಗ ಲೋಟ ಬೋರಲು ಹಾಕುತ್ತದಾ, ಅಪ್ಪಾ?

ಬೇಗ ಉತ್ತರ ಬರೆ. ಈ ಸಲ ಪೂರ್ತಿ ಓದುತ್ತೇನೆ.