ಬಿಟ್ಟ ಮೇವಿನ ತೂಕ

ನಿಜ್ವಾ, ಒಮಾನ್
೨೧ ಫೆಬ್ರವರಿ ೨೦೨೫, ಶುಕ್ರವಾರ

ತೀರ್ಥರೂಪರಾದ ಅಪ್ಪನಿಗೆ,

ಸಚ್ಚಿದಾನಂದನ ಸಾಷ್ಟಾಂಗ ನಮಸ್ಕಾರ. ತಡವಾಯಿತು, ಮನ್ನಿಸಿರಿ. ‘ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮ ತಿಳಿಸಿರಿ’ ಎಂದು ಬರೆಯಹೋಗಿ ನಾಲ್ಕು ಹಾಳೆ ಹರಿದು ಹಾಕಿದೆ. ಗಂಟಲ ಗಡ್ಡೆ ನಿಮ್ಮ ಮಾತನ್ನೂ ಕಸಿದುಕೊಂಡ ಮೇಲೆ ಫೋನಿನಲ್ಲಿ ನಾನೊಬ್ಬನೇ ಮಾತಾಡುತ್ತೇನೆ, ನೀವು ಮುಖ ತಿರುಗಿಸುತ್ತೀರಿ. ಅದಕ್ಕೇ ಈ ಕಾಗದ. ಫೋಟೊ ತೆಗೆದು ಮಾಧುರಿ ಅಕ್ಕನ ಫೋನಿಗೆ ಕಳಿಸುತ್ತೇನೆ. ಅಕ್ಷರ ದೊಡ್ಡದು ಮಾಡಿಕೊಂಡು ನೀವೇ ಓದಿರಿ.

ಅಕ್ಕ ಎಲ್ಲ ಹೇಳಿದಳು. ಹೊಟ್ಟೆಗೆ ಸಣ್ಣ ತೂತು ಮಾಡಿ ನಳಿಗೆಯಲ್ಲಿ ಆಹಾರ ಕೊಡದಿದ್ದರೆ ಚಿಕಿತ್ಸೆ ತಡೆದುಕೊಳ್ಳುವ ಶಕ್ತಿ ಬರುವುದಿಲ್ಲ, ಸೋಮವಾರದೊಳಗೆ ನಿಮ್ಮ ಒಪ್ಪಿಗೆ ಬೇಕು ಎಂದಿದ್ದಾರಂತೆ ಡಾಕ್ಟರು. “ಅಪ್ಪಾ ಪಾಟಿ ಮ್ಯಾಲೆ ‘ತೂತು ಬಿದ್ದ ಟ್ಯಾಂಕ್ ಗುಜರಿಗೆ’ ಅಂತ ಬರದು ಗ್ವಾಡಿ ಕಡೆ ಹೊಳ್ಳಿ ಮಲಗ್ಯಾನ. ನೀನರ ಹೇಳೋ” ಎಂದು ಅತ್ತಳು. ಮೂವತ್ತು ವರ್ಷ ಗದಗಿನ ಡಿಪೋದಲ್ಲಿ ಬಸ್ಸು ರಿಪೇರಿ ಮಾಡಿದವರಿಗೆ ನಾನೇನು ಹೇಳಲಿ? ಇಲ್ಲಿ ದಿನಾ ಕಣ್ಣಾರೆ ಕಾಣುವುದೊಂದನ್ನು ಹೇಳುತ್ತೇನೆ.

ಮಾಂಸಕ್ಕೆ ಬೆಳೆಸುವ ದನಗಳಿಗೆ ಯಾವ ಮೇವು ಹಾಕಿದರೆ ಎಷ್ಟು ಮೈ ಹಿಡಿಯುತ್ತವೆ ಎಂದು ಅಳೆಯುವುದು ನಮ್ಮ ಸಂಶೋಧನಾ ಕೇಂದ್ರದ ಕೆಲಸ. ನಾನು ಸೇರಿದಾಗ “ಸಾಲಿ ಕಲಿಸಿದ್ದು ಕಟಕರ ದನಾ ಮೇಸಾಕೇನಲೇ?” ಅಂದಿರಿ. ಆ ಜಗಳ ಇವತ್ತು ಬೇಡ. ಬೆಳಿಗ್ಗೆ ಐದೂವರೆಗೆ ನನ್ನ ಮೊದಲ ಕೆಲಸ ಮೇವು ಹಾಕುವುದಲ್ಲ, ಹಿಂದಿನ ದಿನ ದನ ಬಿಟ್ಟ ಮೇವನ್ನು ತೂಗುವುದು. ದನ ನೋಡಿಕೊಳ್ಳುವ ಪುತ್ತೂರಿನ ಹಾಜಬ್ಬ ಹೇಳುತ್ತಾರೆ: “ತಿಂದದ್ದು ಬಿಡಿ ಸಾರ್, ಬಿಟ್ಟದ್ದು ನೋಡಿ. ಅದು ಸುಳ್ಳು ಹೇಳುದಿಲ್ಲ.” ಎರಡು ದಿನ ಮೇವು ಬಿಟ್ಟರೆ ಆ ದನದ ಬಾಯಿ ತೆರೆಸಿ ನೋಡಲೇಬೇಕು, ಅದು ನಮ್ಮ ನಿಯಮ.

ಇಲ್ಲೊಂದು ಎತ್ತಿದೆ. ಎಡ ಪಕ್ಕೆಯಲ್ಲಿ ಅಂಗೈ ಅಗಲದ ತೂತು, ಸುತ್ತ ರಬ್ಬರಿನ ಉಂಗುರ, ಮೇಲೊಂದು ಮುಚ್ಚಳ. ನಿಮ್ಮ ಭಾಷೆಯಲ್ಲಿ ಗ್ಯಾಸ್ಕೆಟ್ ಅನ್ನಿ. ಒಳಗೆ ಮೇವು ಹೇಗೆ ಅರಗುತ್ತದೆಂದು ತಿಳಿಯಲು ಒಂಬತ್ತು ವರ್ಷದ ಹಿಂದೆ ಅರಿವಳಿಕೆ ಕೊಟ್ಟು ಮಾಡಿದ್ದು. ಮೊದಲ ಸಲ ಮುಚ್ಚಳ ತೆಗೆದು ಮೊಣಕೈತನಕ ಕೈ ಇಳಿಸಿದ ದಿನ ಇನ್ನೂ ಕಣ್ಣಮುಂದಿದೆ, ಅಪ್ಪಾ. ಒಳಗೆಲ್ಲ ಬಿಸಿ, ಹುಳಿ ಹಿಟ್ಟಿನ ವಾಸನೆ. ನಿಮಿಷಕ್ಕೊಮ್ಮೆ ಹೊಟ್ಟೆ ತಾನಾಗಿ ಹಿಂಡಿಕೊಂಡು ನನ್ನ ಕೈಯನ್ನು ಅಮುಕುತ್ತಿತ್ತು, ಯಾರೋ ಕೈ ಹಿಡಿದ ಹಾಗೆ. ಎತ್ತಿಗೋ ಅದರ ಪರಿವೆಯೇ ಇಲ್ಲ, ಮುಂದೆ ಮೇವು ಮೇಯುತ್ತಲೇ ಇತ್ತು! ಖರ್ಜೂರದ ಒಣ ಗರಿ, ಕಸಬರಿಗೆಗಷ್ಟೇ ಲಾಯಕ್ಕಾದದ್ದು, ಪುಡಿ ಮಾಡಿ ಸಣ್ಣ ಬಟ್ಟೆಚೀಲದಲ್ಲಿ ಕಟ್ಟಿ ಒಳಗಿಟ್ಟೆವು. ಎರಡು ದಿನಕ್ಕೆ ಅರ್ಧ ಕರಗಿತ್ತು. ಒಂದು ಹನಿ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಣಿಸಲಾಗದಷ್ಟು ಜೀವಗಳು ಈಜಾಡುತ್ತಿದ್ದವು. ಕೈ ಮುಗಿಯೋಣವೆಂದರೆ, ಒಂದು ಕೈಗೆ ಇನ್ನೂ ಸಗಣಿ ಮೆತ್ತಿತ್ತು.

ಹೋದ ತಿಂಗಳು ಒಂದು ಹೋರಿ ಮೇವು ಬಿಟ್ಟು ಮಲಗಿತು. ಔಷಧಿ ನಾಟಲಿಲ್ಲ. “ನಿಮ್ಮ ಸಿರಿಂಜ್ ಬದಿಗಿಡಿ ಸಾರ್, ನಮ್ಮ ಡಾಕ್ಟ್ರನ್ನು ಕರಿಯುವಾ” ಎಂದ ಹಾಜಬ್ಬ, ಆ ಎತ್ತಿನ ಹೊಟ್ಟೆಯಿಂದ ರಸ ತೆಗೆದು ಸೋಸಿ ಹೋರಿಗೆ ಕುಡಿಸಿದರು. ಮರುದಿನ ಸಂಜೆ ಅದು ಎದ್ದು ನಿಂತು ಮೆಲುಕು ಹಾಕಿತು! ಈಗ ಎಲ್ಲರೂ ಆ ಎತ್ತನ್ನು ಡಾಕ್ಟರ್ ಎಂದೇ ಕರೆಯುತ್ತಾರೆ. “ಒಂಬತ್ತು ವರ್ಷ ಆಯ್ತು. ತೂತು ಉಂಟೂಂತ ಅವನಿಗೆ ನೆನಪೇ ಇಲ್ಲ ಮಾರಾಯ್ರೆ” ಎನ್ನುತ್ತಾರೆ ಹಾಜಬ್ಬ. ಉಳಿದ ದನಗಳು ಇಲ್ಲಿಗೆ ಬಂದು ನಾಲ್ಕು ತಿಂಗಳು ತುಂಬಿದರೆ ಕಸಾಯಿಖಾನೆಗೆ ಹೋಗುತ್ತವೆ, ನಿಮ್ಮ ಹತ್ತಿರ ಮುಚ್ಚಿಡುವುದೇನು. ತೂತು ಬಿದ್ದ ಇದೊಂದೇ ಗುಜರಿಗೆ ಹೋಗಿಲ್ಲ, ಅಪ್ಪಾ.

ಒಪ್ಪಿಕೊಳ್ಳಿರಿ. ರಜೆ ಸಿಕ್ಕಿದೆ, ಭಾನುವಾರ ಬರುತ್ತೇನೆ. ನಳಿಗೆಯಲ್ಲಿ ಗಂಜಿ ಹಾಕುವ ಕೆಲಸ ನನ್ನದು. ಹದ ಎಷ್ಟು, ಬಿಸಿ ಎಷ್ಟು ಎಂದು ನೀವು ಪಾಟಿಯ ಮೇಲೆ ಬರೆದು ತೋರಿಸಿರಿ. ತಪ್ಪಿದರೆ ಡಿಪೋದಲ್ಲಿ ಕೈಕೆಳಗಿನವರನ್ನು ಬೈಯುತ್ತಿದ್ದ ಹಾಗೆಯೇ ಬೈದು ಬರೆಯಿರಿ. ಬೇರೆ ಆಶೀರ್ವಾದ ಕೇಳುವುದಿಲ್ಲ, ಈ ಸಲ ನಿಮ್ಮ ‘ಹೂಂ’ ಒಂದೇ ಸಾಕು.

ನಿಮ್ಮ ಮಗ,
ಸಚ್ಚಿ

ತಾ.ಕ.: ದಸರೆಗೆ ಬಂದಾಗ ಆರು ದಿನ ನಿಮ್ಮೆದುರು ಕೂತು ಉಂಡೆ. ಪ್ರತಿ ಹೊತ್ತೂ ನೀವು ಅರ್ಧ ರೊಟ್ಟಿಯನ್ನು ತಾಟಿನ ಅಂಚಿಗೆ ಸರಿಸಿ ಏಳುತ್ತಿದ್ದಿರಿ. ಕಟಕರ ದನ ಮೇಯಿಸುವವನ ಜೊತೆ ಉಣ್ಣಲು ನಿಮಗೆ ಹೇಸಿಗೆ ಎಂದುಕೊಂಡು, ಸಿಟ್ಟಿನಲ್ಲಿ ಒಂದು ಮಾತೂ ಕೇಳಲಿಲ್ಲ. ಆಗಲೇ ನಿಮಗೆ ನುಂಗಲು ಆಗುತ್ತಿರಲಿಲ್ಲ ಎಂದು ಅಕ್ಕ ಈಗ ಹೇಳಿದಳು. ದನವಾಗಿದ್ದಿದ್ದರೆ ಎರಡನೆಯ ದಿನವೇ ಬಾಯಿ ತೆರೆಸಿ ನೋಡುತ್ತಿದ್ದೆ.