ಬೇಗ ಇಳಿಯುವ ನೀರು

ರಾಜಾಜಿನಗರ, ಬೆಂಗಳೂರು
ಭಾನುವಾರ, 14-11-1976

ಪ್ರೀತಿಯ ರಾಜೇಶ್ವರಿಗೆ,

ನಿನ್ನ ಅತ್ತೆಯ ಮನಸಾರೆ ಆಶೀರ್ವಾದ. ಹೇಗಿದ್ದೀಯ ಮಗಳೇ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳು ತುಂಬಿದೆ, ಇನ್ನು ಹಿರಿಯೂರಿನ ಬಿಸಿಲಿನಲ್ಲಿ ಓಡಾಡಬೇಡ, ಭಾರ ಎತ್ತಬೇಡ. ಇಲ್ಲಿ ನಿನ್ನ ಗಂಡ ಗಂಗಾಧರ ಸೌಖ್ಯ. ಫ್ಯಾಕ್ಟರಿ ಬಸ್ಸು ತಪ್ಪಿಸಿಕೊಳ್ಳುವ ಚಾಳಿಯನ್ನು ಮಾತ್ರ ಬಿಟ್ಟಿಲ್ಲ. ನನ್ನ ಸಾರಿಗೆ ದಿನವೂ ಉಪ್ಪು ಜಾಸ್ತಿ ಎನ್ನುತ್ತಾನೆ, ಆಮೇಲೆ ಎರಡು ಸಲ ಬಡಿಸಿಕೊಳ್ಳುತ್ತಾನೆ. ನನ್ನ ಮಂಡಿನೋವು ಇದ್ದಲ್ಲೇ ಇದೆ. ಅದು ನನ್ನ ಜೊತೆಗೇ ಹೋಗುವಂಥದ್ದು, ಅದರ ಚಿಂತೆ ನಿನಗೆ ಬೇಡ.

ನಿನ್ನ ತಂದೆ ಶಂಭುಲಿಂಗಪ್ಪನವರ ಕಾಗದ ಬುಧವಾರ ಬಂತು. ನೀರನ್ನು ಮೂರು ಸಲ ಕುದಿಸದೆ ನೀನು ಬಾಯಿಗೆ ಮುಟ್ಟಿಸುವುದಿಲ್ಲವಂತೆ, ಊಟ ಬಿಟ್ಟು ಒಲೆಯ ಮುಂದೆಯೇ ಕೂತಿರುತ್ತೀಯಂತೆ. ಅಷ್ಟೇ ಆಗಿದ್ದರೆ ಸೊಸೆಗೆ ಶುಚಿ ಬಂತು ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನೀನು ನಿಮ್ಮಕ್ಕನಿಗೆ ಹೇಳಿದ ಮಾತನ್ನೂ ಅವರು ಬರೆದಿದ್ದಾರೆ. "ಹುಟ್ಟೋ ಮಗೂನ ನೀನೇ ಸಾಕ್ಕೊಳೇ ಅಕ್ಕಾ. ಲೀಲೂಗೆ ಐಸ್‌ಕ್ಯಾಂಡಿ ಕೊಡಿಸಿ ಕೊಂದ ಕೈ ಇದು, ಇದರಲ್ಲಿ ಇನ್ನೊಂದು ಉಳಿಯಲ್ಲ" ಎಂದೆಯಂತೆ. ಅದನ್ನು ಓದಿದ ಮೇಲೆ ನನಗೆ ತುತ್ತು ಇಳಿಯುತ್ತಿಲ್ಲ. ಹೆತ್ತ ಮಗುವನ್ನು ಯಾರ ಕೈಗೂ ಕೊಡಕೂಡದು, ರಾಜೇಶ್ವರಿ. ಇದೊಂದನ್ನು ನಾನು ಅತ್ತೆಯ ಜೋರಿನಲ್ಲೇ ಹೇಳುತ್ತಿದ್ದೇನೆ.

ಯಾವ ಫಿಲ್ಟರ್ ತರಲಿ ಎಂದೂ ನಿನ್ನ ತಂದೆ ಕೇಳಿದ್ದಾರೆ. ಆರು ಕ್ಲಾಸು ಓದಿದ ಮುದುಕಿಗೆ ಗೊತ್ತಿರುವುದನ್ನು ಬರೆಯುತ್ತೇನೆ. ಸ್ಟೀಲಿನದೇ ಇರಲಿ, ಎರಡು ಅಂತಸ್ತಿನದು, ನೀರು ಸೋಸುವ ಬಿಳಿ ಕ್ಯಾಂಡಲ್ ಎರಡು ಸಾಕು. ನಾಲ್ಕು ಇದ್ದರೆ ನೀರು ಬೇಗ ಬರುತ್ತದೆ ಎಂದು ಅಂಗಡಿಯವರು ಆಸೆ ಹಚ್ಚುತ್ತಾರೆ, ನಾಲ್ಕನ್ನೂ ಉಜ್ಜುವವರು ಯಾರು? ಕೊಳ್ಳುವ ಮೊದಲು ಕ್ಯಾಂಡಲನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಬೇಕು, ಉಗುರಿನಿಂದ ತಟ್ಟಬೇಕು. ಗಟ್ಟಿ ಸದ್ದು ಬಂದರೆ ಸರಿ, ಒಡಕು ಮಡಕೆಯ ಸದ್ದು ಬಂದರೆ ಅಲ್ಲೇ ಬಿಟ್ಟು ಬನ್ನಿ. ಕೂರಿಸುವಾಗ ರಬ್ಬರ್ ವಾಷರ್ ಮೇಲೆ ಕೆಳಗೆ ಎರಡೂ ಕಡೆ ಇದೆಯೇ ನೋಡು. ಮೊದಲ ಎರಡು ಸಲದ ನೀರನ್ನು ಗಿಡಕ್ಕೆ ಹಾಕು. ವಾರಕ್ಕೊಮ್ಮೆ ಕ್ಯಾಂಡಲ್ ತೆಗೆದು ಮೆತ್ತನೆಯ ಬ್ರಷ್ಷಿನಿಂದ ಉಜ್ಜು. ಸೋಪು ಬೇಡ, ಬೂದಿ ಬೇಡ. ಹದಿನೈದು ದಿನಕ್ಕೊಮ್ಮೆ ಕುದಿಯುವ ನೀರಿನಲ್ಲಿ ಹಾಕಿ ತೆಗೆ, ಆದರೆ ಬಿಸಿ ಇದ್ದಾಗಲೇ ತಣ್ಣೀರಿಗೆ ಅದ್ದಬೇಡ. ಸಣ್ಣ ಬಿರುಕು ಕಂಡರೂ ಆ ಕ್ಷಣವೇ ಬಿಸಾಡು. ಅದಕ್ಕೆ ಏನನ್ನೂ ಮೆತ್ತಬೇಡ.

ಇನ್ನೊಂದು ಮಾತು. ಇಲ್ಲಿನ ಪಾತ್ರೆ ಅಂಗಡಿಯ ಜಗನ್ನಾಥ ಹೇಳಿದ್ದು, ನನಗೆ ತಿಳಿದದ್ದು ತಡವಾಗಿ. "ನೀರು ಸರಸರ ಇಳೀತು ಅಂತ ಖುಷಿಪಡ್ಬೇಡಿ ಅಮ್ಮ. ಒಳ್ಳೆ ಕ್ಯಾಂಡಲ್ಲು ಸೋಮಾರಿ. ಬೇಗ ಇಳೀತಾ ಇದೆ ಅಂದ್ರೆ ಅದು ಸೋಸ್ತಾ ಇಲ್ಲ ಅಂತ ಅರ್ಥ." ಹನಿಗೂ ಹನಿಗೂ ನಡುವೆ ಉಸಿರು ಎಳೆದು ಬಿಡುವಷ್ಟು ಹೊತ್ತಿರಬೇಕು. ನೀನು ಕೂತು ಕೇಳು.

ನಮ್ಮ ಲೀಲು ಕೇಳುತ್ತಿದ್ದಳಲ್ಲ, ಮಣೆಯ ಮೇಲೆ ನಿಂತು ಫಿಲ್ಟರಿಗೆ ಕಿವಿ ಹಚ್ಚಿ. ಮುಚ್ಚಳ ತೆಗೆದು ಇಣುಕಿ, "ಅಜ್ಜೀ, ಒಳಗೆ ಎರಡು ಈಬತ್ತಿ ಗಟ್ಟಿ ಸ್ನಾನ ಮಾಡ್ತಾ ಇದಾವೆ" ಎನ್ನುತ್ತಿದ್ದಳು. ಅವಳ ಕಣ್ಣಿಗೆ ಕ್ಯಾಂಡಲ್ ಕಂಡದ್ದೇ ಹಾಗೆ, ವಿಭೂತಿಯ ಗಟ್ಟಿಯ ಹಾಗೆ. ನಾನೂ ಅದನ್ನೇ ರೂಢಿ ಮಾಡಿಕೊಂಡೆ. ಮನೆಯಲ್ಲಿ ಯಾವ ಕೆಲಸವನ್ನು ನೀವು ನನ್ನ ಕೈಯಿಂದ ತೆಗೆದುಕೊಂಡರೂ ಭಾನುವಾರದ ಈಬತ್ತಿ ಗಟ್ಟಿ ಉಜ್ಜುವ ಕೆಲಸ ಮಾತ್ರ ನನ್ನದೇ ಆಗಿತ್ತು.

ಆ ಫಿಲ್ಟರನ್ನು ಅಟ್ಟಕ್ಕೆ ಹಾಕಿಸಿ ವರ್ಷದ ಮೇಲಾಯಿತು. ಈಗ ಕುದಿಸಿದ ನೀರನ್ನೇ ಕುಡಿಯುತ್ತೇವೆ. ಆದರೂ ಮಧ್ಯಾಹ್ನ ಎಲ್ಲರೂ ಹೊರಗೆ ಹೋಗಿ ಮನೆ ನಿಶ್ಶಬ್ದವಾದಾಗ ಅಟ್ಟದಿಂದ ನೀರು ಇಳಿಯುವ ಸದ್ದು ಕೇಳುತ್ತದೆ. ತೊಟ್ಟಿಕ್ಕುವುದಲ್ಲ, ಸಣ್ಣ ಧಾರೆ. ಬಾಡಿಗೆ ಮನೆಯ ರಾಮಕ್ಕನನ್ನು ಕರೆದು ಕೇಳಿದೆ, "ನಮ್ಮ ನಲ್ಲಿ ಇರ್ಬೇಕು ಬಿಡಿ ಅಮ್ಮ" ಎಂದಳು. ಮಧ್ಯಾಹ್ನ ನಲ್ಲಿಯಲ್ಲಿ ಎಲ್ಲಿ ನೀರು ಬರುತ್ತದೆ? ಮೊನ್ನೆ ಮಂಡಿಯನ್ನು ಬೈದುಕೊಂಡು ಏಣಿ ಹತ್ತಿ ಮುಚ್ಚಳ ತೆಗೆದು ಕೈಯಾಡಿಸಿದೆ. ಒಣಗಿ ಧೂಳು ಹಿಡಿದಿದೆ. ಇಳಿಯುವಷ್ಟರಲ್ಲಿ ಸದ್ದು ಮತ್ತೆ ಶುರುವಾಯಿತು. ನನಗೆ ಹೆದರಿಕೆಯಾಗುತ್ತದೆ ಕಣೇ. ಮಗು ಮಣೆಯ ಮೇಲೆ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದೆ ಎನಿಸುತ್ತದೆ.

ಲೀಲುವನ್ನು ಮಣ್ಣಿಗೆ ಕೊಂಡೊಯ್ಯುವ ಮೊದಲು ಅಯ್ಯನವರು ನನ್ನ ಕೈಗೆ ವಿಭೂತಿ ಕೊಟ್ಟು ಹಣೆಗೆ ಹಚ್ಚಿ ಎಂದರು. ನನ್ನ ಕೈ ಮೇಲೇಳಲಿಲ್ಲ. ಮುದುಕಿಗೆ ದುಃಖ ಎಂದರು ಎಲ್ಲರೂ. ಅಂದಿನಿಂದ ನಾನು ವಿಭೂತಿ ಮುಟ್ಟಿಲ್ಲ. ಅಮ್ಮನಿಗೆ ದೇವರ ಮೇಲೆ ಸಿಟ್ಟು ಎಂದು ಗಂಗಾಧರ ತಿಳಿದಿದ್ದಾನೆ. ಹಾಗೇ ತಿಳಿದಿರಲಿ ಎಂದು ಸುಮ್ಮನಿದ್ದೇನೆ.

ಜಾಗ ಮುಗಿಯುತ್ತಾ ಬಂತು. ನಿನ್ನ ತಾಯಿತಂದೆಗೆ ನನ್ನ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ತಾಯಿ ಮಗು ಎರಡೂ ಗಟ್ಟಿಯಾಗಿ ಈ ಹೊಸ್ತಿಲು ದಾಟಿ ಒಳಗೆ ಬರಲಿ ಎಂದು ಬಸವಣ್ಣನನ್ನು ಬೇಡುವ,

ನಿನ್ನ ಅತ್ತೆ,
ನೀಲಗಂಗಮ್ಮ

ಮರೆತಿದ್ದೆ: ಮೇಲಿನದನ್ನೆಲ್ಲ ಗಂಗಾಧರ ಓದಿ ಸರಿ ಎಂದಿದ್ದಾನೆ. ಇನ್‌ಲ್ಯಾಂಡ್ ಕಾಗದದ ಈ ಮಡಿಕೆಯಲ್ಲಿ ಬರೆಯುತ್ತಿರುವುದನ್ನು ಅವನು ನೋಡಿಲ್ಲ. ಇವತ್ತು ಅಂಚೆಪೆಟ್ಟಿಗೆಗೆ ನಾನೇ ಹೋಗುತ್ತೇನೆ. ಹೋದ ವರ್ಷ ಮಳೆಗೆ ನಲ್ಲಿಯಲ್ಲಿ ಕೆಂಪು ನೀರು ಬರುತ್ತಿತ್ತಲ್ಲ, ಆಗಿನ ಒಂದು ಭಾನುವಾರ ಉಜ್ಜುವಾಗ ಕ್ಯಾಂಡಲ್ ಕೈಜಾರಿ ಒಗೆಯುವ ಕಲ್ಲಿಗೆ ಬಿತ್ತು. ಕೂದಲೆಳೆಯಷ್ಟು ಬಿರುಕು. ಹೊಸದಾಗಿ ತಂದದ್ದು, ಹೇಳಿದರೆ ಇನ್ನು ಇದನ್ನೂ ಬಿಡಿ ಎನ್ನುತ್ತೀರಿ ಎಂದು ಹೆದರಿ, ದೇವರ ಜಗಲಿಯ ಮೇಲಿದ್ದ ವಿಭೂತಿಯನ್ನು ನೆನೆಸಿ ಬಿರುಕಿಗೆ ತಿಕ್ಕಿದೆ. ವಿಭೂತಿ ಕಾಯುತ್ತದೆ ಎಂದೂ ನಂಬಿದೆ. ಬಿರುಕು ಕಾಣಿಸಲೇ ಇಲ್ಲ. ಎರಡು ದಿನಕ್ಕೆ ನೀರು ಸರಸರ ಇಳಿಯತೊಡಗಿತು, "ಅಮ್ಮ ಚೆನ್ನಾಗಿ ಉಜ್ಜಿದಾರೆ" ಎಂದು ನೀನೇ ಹೊಗಳಿದೆ. ಆ ವಾರವೇ ಲೀಲುಗೆ ವಾಂತಿಭೇದಿ. ಹೊರಗೆ ಏನು ತಿಂದಳು ಎಂದು ಡಾಕ್ಟರು ಕೇಳಿದಾಗ, ನೀನು ಬಾಯಿ ತೆರೆಯುವ ಮೊದಲೇ "ಇವಳು ಕ್ಯಾಂಡಿ ಕೊಡಿಸಿದ್ದಳು" ಎಂದವಳು ನಾನು. ಇದನ್ನು ನಿನ್ನ ತಂದೆ, ತಾಯಿ, ಅಕ್ಕ ಎಲ್ಲರ ಮುಂದೆ ಗಟ್ಟಿಯಾಗಿ ಓದು. ಗಂಗಾಧರನಿಗೆ ಸಂಜೆ ನಾನೇ ಹೇಳುತ್ತೇನೆ. ಲೀಲು ಮಲಗಿದ್ದ ಆ ಮೂರು ದಿನವೂ ನನಗೂ ಭೇದಿಯಾಗುತ್ತಿತ್ತು, ಯಾರಿಗೂ ಹೇಳದೆ ಮಜ್ಜಿಗೆ ಕುಡಿದು ಮಲಗಿದೆ. ನಾನು ಕ್ಯಾಂಡಿ ತಿಂದಿರಲಿಲ್ಲ, ರಾಜೇಶ್ವರಿ.