ಕಾರ್ನರ್ ಬಾವುಟದ ಹಿಂದೆ

ಪಪ್ಪಾ,

ಬರೆಯುತ್ತಿರುವುದಕ್ಕೆ ಸಾರಿ. ಬರೆಯಬೇಡ ಎಂದು ಅಮ್ಮ ಹೇಳಿದ್ದಾಳೆ, ನಿಮ್ಮ ವಿಳಾಸವೂ ನನ್ನಲ್ಲಿಲ್ಲ. ಇದು ನನ್ನ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ.

ನಾನೀಗ ಪುಣೆಯಲ್ಲಿ ಫಸ್ಟ್ ಇಯರ್. ನೀವು ಹೋಟೆಲಿನಲ್ಲಿ ಅಡುಗೆ ಮಾಡುವ ಆ ಸ್ವಿಸ್ ಊರಿನ ಫುಟ್‌ಬಾಲ್ ಟೀಮ್ ಎರಡನೇ ದರ್ಜೆಯ ಲೀಗಿನಲ್ಲಿದೆಯಲ್ಲ, ಈ ಸೀಸನ್ನಿನ ಹದಿನೆಂಟು ಹೋಮ್ ಮ್ಯಾಚುಗಳನ್ನೂ ಫೋನಿನಲ್ಲಿ ನೋಡಿದೆ. ನೀವು ಮನೆ ಬಿಟ್ಟ ವರ್ಷ ನನ್ನ ಬೋರ್ಡಿಂಗ್ ಸ್ಕೂಲಿಗೆ ಫೋನ್ ಮಾಡಿ, ರಜೆ ಸಿಕ್ಕಾಗೆಲ್ಲ ಕಾರ್ನರ್ ಬಾವುಟದ ಹಿಂದೆ ನಿಂತು ಆಟ ನೋಡುತ್ತೇನೆ ಎಂದಿದ್ದಿರಿ. ಕಾರ್ನರ್ ಕಿಕ್ ಸಿಕ್ಕರೆ ಮಾತ್ರ ಕ್ಯಾಮೆರಾ ಅಲ್ಲಿಗೆ ತಿರುಗುತ್ತದೆ. ಬರುವ ಜನ ಕಡಿಮೆ, ಒಂದೊಂದು ಮುಖವನ್ನೂ ಹುಡುಕಬಹುದು.

“ಮಂದಿ ಗೋಲಿಗೆ ಕುಣೀತಾರ, ನೀ ಕಾರ್ನರ್‌ಗೆ ಕುಣೀತಿ. ಭಾಳ ಹುಚ್ಚಿ ಅದೀ ಬಿಡು,” ಎನ್ನುತ್ತಾಳೆ ಸೋಲಾಪುರದ ರೂಮ್‌ಮೇಟ್ ಶಿವಲೀಲಾ.

ಇವತ್ತು ಬೆಳಿಗ್ಗೆ ಮೆಸ್ಸಿನಲ್ಲಿ ಪೋಹೆ ತಿನ್ನುತ್ತ ಕೊನೆಯ ಮ್ಯಾಚಿನ ರೆಕಾರ್ಡಿಂಗ್ ನೋಡುತ್ತಿದ್ದೆವು. ಎಪ್ಪತ್ತನೇ ನಿಮಿಷದ ಕಾರ್ನರ್‌ನಲ್ಲಿ ನೀವಿದ್ದಿರಿ. ಕೂದಲು ಬೆಳ್ಳಗಾಗಿದೆ. ಹೆಗಲ ಮೇಲೆ ಸುಮಾರು ಮೂರು ವರ್ಷದ ಒಂದು ಹುಡುಗಿ ನಿಮ್ಮ ಎರಡೂ ಕಿವಿ ಹಿಡಿದು ಕೂತಿದ್ದಳು. ವಿಡಿಯೋ ಅಲ್ಲೇ ನಿಲ್ಲಿಸಿಬಿಟ್ಟೆ.

“ಯಾರ ಅವ್ರು? ನಿಮ್ಮ ಕಡಿಯವ್ರೇನ?” ಎಂದು ಶಿವಲೀಲಾ ಬಗ್ಗಿ ನೋಡಿದಳು.

“ಅಲ್ಲ, ಯಾರೋ,” ಎಂದೆ.

ಟೀಮ್ ಸೋತು ಕೆಳಗಿನ ಲೀಗಿಗೆ ಇಳಿಯಿತು. ಅಲ್ಲಿನ ಮ್ಯಾಚುಗಳು ನನ್ನ ಫೋನಿನಲ್ಲಿ ಬರುವುದಿಲ್ಲ.

ಅವಳ ಹೆಸರೇನು ಪಪ್ಪಾ? ಅವಳಿಗೆ ಕನ್ನಡ ಬರುತ್ತದಾ? ಬೇಗ ಉತ್ತರ ಬರೆಯಿರಿ.